ಹುಟ್ಟು ಅವನ ಕೈಗೆ ಕೊಡಿ

ಓದುಗರ ಪ್ರಶ್ನೆ, ಫಿಸಿಯೋಥೆರಪಿಸ್ಟ್ ಉತ್ತರ

ಕಳೆದ ಸಂಚಿಕೆಯಲ್ಲಿ, ಕಾಲು ಕಳೆದುಕೊಂಡ ನನ್ನ ರೋಗಿಯೊಬ್ಬ ಹಂಪಿಯ ಹತ್ತಿರದ ಸಾಣಾಪುರ ಕೆರೆಯಲ್ಲಿ ಹರಿಗೋಲು ನಡೆಸಿದ್ದನ್ನು ನಾಲ್ಕೇ ಸಾಲಿನಲ್ಲಿ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳು ಮಂಡಿನೋವಿನ ಪತ್ರಗಳನ್ನೂ ಮೀರಿಸಿವೆ. ಹಾಗಾಗಿ ಈ ಸಲ ಮಂಡಿಯವರು ಮನ್ನಿಸಬೇಕು. ಪತ್ರದಲ್ಲಿ ಹಲವರು ನನ್ನನ್ನು ಡಾಕ್ಟರ್ ಎಂದಿದ್ದೀರಿ. ನಾನು ಗಂಗಾವತಿಯಲ್ಲಿ 22 ವರ್ಷದಿಂದ ಫಿಸಿಯೋಥೆರಪಿ ಮಾಡಿಕೊಂಡಿರುವವಳು. ಅದಕ್ಕೂ ಮೊದಲು ಅಂಬಿಗರ ಮಗಳು. ಅಪ್ಪ ತುಂಗಭದ್ರೆಯಲ್ಲಿ ತಳವಾರಘಟ್ಟಕ್ಕೂ ಆನೆಗೊಂದಿಗೂ ನಡುವೆ ಹರಿಗೋಲು ಹಾಕುತ್ತಿದ್ದರು. ಕೆಳಗಿನ ಉತ್ತರಗಳಲ್ಲಿ ಯಾವುದು ಕಾಲೇಜಿನಲ್ಲಿ ಕಲಿತದ್ದು, ಯಾವುದು ಅಪ್ಪನಿಂದ ಬಂದದ್ದು ಎಂದು ಬೇರ್ಪಡಿಸುವುದು ನನಗೂ ಕಷ್ಟ.

*

ನನ್ನ ತಮ್ಮನಿಗೆ 27 ವರ್ಷ. ಎರಡು ವರ್ಷದ ಹಿಂದೆ ಭತ್ತ ಕಟಾವು ಮಾಡುವ ಯಂತ್ರಕ್ಕೆ ಸಿಕ್ಕಿ, ಎಡಗಾಲನ್ನು ಮಂಡಿಯ ಮೇಲಕ್ಕೆ ತೆಗೆದರು. ಕೃತಕ ಕಾಲು ಇದೆ, ಮದುವೆ ಮುಂಜಿಗೆ ಮಾತ್ರ ಹಾಕುತ್ತಾನೆ. ಉಳಿದ ಹೊತ್ತು ಪಡಸಾಲೆಯಲ್ಲಿ ಮೊಬೈಲ್ ಹಿಡಿದು ಕುಳಿತಿರುತ್ತಾನೆ. ಮೊದಲು ಬಾವಿಯಲ್ಲಿ ಚೆನ್ನಾಗಿ ಈಜುತ್ತಿದ್ದ. ನೀವು ಬರೆದದ್ದನ್ನು ಓದಿ ಅವನ ಗೆಳೆಯರು ಸಾಣಾಪುರಕ್ಕೆ ಕರೆದುಕೊಂಡು ಹೋಗುತ್ತೇವೆ ಎಂದು ನಿಂತಿದ್ದಾರೆ. ಅವ್ವ ಒಪ್ಪುತ್ತಿಲ್ಲ. ಅವನಿಗೆ ಜಲಗಂಡವಿದೆ ಎಂದು ಜೋಯಿಸರು ಹೇಳಿದ್ದಾರಂತೆ. ಕಳುಹಿಸಬಹುದೇ ಅಕ್ಕನವರೇ? ಇದರಿಂದ ಏನಾದರೂ ಉಪಯೋಗವಿದೆಯೇ, ಬರೀ ಮೋಜೇ?
– ಒಬ್ಬ ಅಕ್ಕ, ಕಾರಟಗಿ

ತಂಗಿ, ಕಳುಹಿಸಿ. ಆದರೆ ಗೆಳೆಯರಿಗೆ ಒಂದು ಮಾತು ಖಡಾಖಂಡಿತವಾಗಿ ಹೇಳಿ. ಅವನನ್ನು ನಡುವೆ ಕೂರಿಸಿ, ಒಂದು ಸುತ್ತು ಹಾಕಿಸಿ, ಫೋಟೊ ತೆಗೆದು ವಾಪಸು ತರುವುದಾದರೆ ಬೇಡ. ಹುಟ್ಟನ್ನು ಅವನ ಕೈಗೆ ಕೊಡುವುದಾದರೆ ಮಾತ್ರ ಹೋಗಲಿ.

ನಾನು ಬರೆದಿದ್ದ ರೋಗಿ ಲಾರಿ ಚಾಲಕ. ಅವನದೂ ಮಂಡಿಯ ಮೇಲಿನದೇ, ಬಲಗಾಲು. ಎಂಟು ತಿಂಗಳು ನನ್ನ ಕೋಣೆಗೆ ಬಂದ. ಏನು ಹೇಳಿದರೂ ‘ಆಯಿತು ಮೇಡಂ’. ಎತ್ತು ಎಂದರೆ ಎತ್ತುತ್ತಿದ್ದ, ಸಾಕು ಎಂದರೆ ಇಳಿಸುತ್ತಿದ್ದ. ಇಷ್ಟು ವಿಧೇಯ ರೋಗಿಯನ್ನು ಕಂಡರೆ ನನಗೆ ಭಯ. ಮನೆಯಲ್ಲಿ ನೀರಿನ ಲೋಟವನ್ನೂ ಹೆಂಡತಿ ಕೈಗೇ ತಂದು ಕೊಡುತ್ತಿದ್ದಳು. ಸಾಣಾಪುರದಲ್ಲಿ ಮೊದಲ ಸಲ ನಾನು ಮಾಡಿದ್ದೂ ಅದನ್ನೇ. ಕೌದಿ ಹಾಸಿ ನಡುವೆ ಕೂರಿಸಿದೆ. ಅಂಬಿಗ ಪ್ರವಾಸಿಗರಿಗೆ ಮಾಡುವ ಹಾಗೆ ಹರಿಗೋಲನ್ನು ಬುಗುರಿಯಂತೆ ತಿರುಗಿಸಿದ. ಇವನು ಅಂಚು ಹಿಡಿದು ಕಣ್ಣು ಮುಚ್ಚಿಕೊಂಡಿದ್ದ. ಹೇಗಿತ್ತು ಎಂದು ಕೇಳಿದರೆ ‘ಚೆನ್ನಾಗಿತ್ತು ಮೇಡಂ’. ಅದೇ ದನಿ.

ಮುಂದಿನ ವಾರ ಹುಟ್ಟನ್ನು ಅವನಿಗೆ ಕೊಡಿಸಿದೆ. ಹರಿಗೋಲಿಗೆ ಮುಂದೂ ಇಲ್ಲ ಹಿಂದೂ ಇಲ್ಲ, ಅದೊಂದು ದೊಡ್ಡ ಬುಟ್ಟಿ. ಒಂದೇ ಕಡೆ ಎಳೆದರೆ ನಿಂತಲ್ಲೇ ಗಿರಕಿ ಹೊಡೆಯುತ್ತದೆ. ಅಂಚಿನ ಮೇಲೆ ಎದೆ ಚಾಚಿ, ಹುಟ್ಟನ್ನು ನೀರಿಗಿಳಿಸಿ, ತನ್ನತ್ತ ಎಳೆದುಕೊಳ್ಳಬೇಕು, ಎಡಕ್ಕೊಂದು ಬಲಕ್ಕೊಂದು. ಹತ್ತು ನಿಮಿಷ ಗಿರಕಿಯೇ ಆಯಿತು. ಅಂಬಿಗ ‘ಎಡಕ್ಕೆ, ಎಡಕ್ಕೆ’ ಎಂದು ಕೂಗುತ್ತಿದ್ದ. ಲಾರಿಯವನಿಗೆ ರೇಗಿತು. ‘ಹದಿನಾಲ್ಕು ಚಕ್ರದ ಗಾಡಿಯನ್ನು ಸಂದಿಯಲ್ಲಿ ತಿರುಗಿಸಿದವನು ನಾನು, ನನಗೆ ಎಡ ಬಲ ಕಲಿಸಬೇಡ’ ಎಂದು ಗದರಿದ. ಆ ಮಾತನ್ನು ಅಂದೇ ಅವನ ಕೇಸ್ ಹಾಳೆಯಲ್ಲಿ ಬರೆದುಕೊಂಡೆ. ಮುಂದಿನ ವಾರದಿಂದ ನನ್ನ ಫೀಸಿನ ಬಗ್ಗೆಯೂ ವಾದ ಶುರುವಾಯಿತು.

ಇನ್ನು ನಿಮ್ಮ ‘ಉಪಯೋಗವೇನು’ ಎಂಬ ಪ್ರಶ್ನೆ. ತೂಗುವ ಬುಟ್ಟಿಯಲ್ಲಿ ಕುಳಿತು ಹುಟ್ಟು ಎಳೆಯುವಾಗ ಕೆಲಸ ಮಾಡುವುದು ತೋಳು ಮಾತ್ರವಲ್ಲ, ಹೊಟ್ಟೆ, ಬೆನ್ನು, ಸೊಂಟದ ಸ್ನಾಯುಗಳು ಕೂಡ. ಒಂದು ಕಾಲು ಹೋದಾಗ ಮೈಯ ಸಮತೂಕದ ಲೆಕ್ಕವೇ ಬದಲಾಗಿರುತ್ತದೆ. ಹೊಸ ಲೆಕ್ಕವನ್ನು ಗೋಡೆ ಹಿಡಿದು ನಿಂತು ಕಲಿಯಬಹುದು, ನೀರಿನ ಮೇಲೆಯೂ ಕಲಿಯಬಹುದು. ಗೋಡೆ ಅಲುಗುವುದಿಲ್ಲ, ಅದಕ್ಕೇ ಬೇಸರ ಹುಟ್ಟಿಸುತ್ತದೆ.

ನೀರಿನ ಒಳಗಿನ ಕತೆ ಬೇರೆ. ಸೊಂಟದ ಮಟ್ಟದ ನೀರಿನಲ್ಲಿ ನಿಂತರೆ ಕಾಲಿನ ಮೇಲೆ ಬೀಳುವುದು ಮೈತೂಕದ ಸುಮಾರು ಅರ್ಧ. ಎದೆಯ ಮಟ್ಟದಲ್ಲಿ ಮೂರನೇ ಒಂದು ಭಾಗಕ್ಕಿಂತ ಕಡಿಮೆ, ಕುತ್ತಿಗೆಯವರೆಗೆ ಇಳಿದರೆ ಹತ್ತರಲ್ಲಿ ಒಂದು ಪಾಲು. ನೆಲದ ಮೇಲೆ ಒಂಟಿಕಾಲಿನಲ್ಲಿ ಎರಡು ನಿಮಿಷ ನಿಲ್ಲಲಾರದವನು ಎದೆಮಟ್ಟದ ನೀರಿನಲ್ಲಿ ಅರ್ಧ ಗಂಟೆ ಓಡಾಡುತ್ತಾನೆ.

ಪಡಸಾಲೆಯಲ್ಲಿ ದಿನವಿಡೀ ಕುಳಿತಿರುತ್ತಾನೆ ಎಂದಿರಲ್ಲ, ಅದನ್ನು ಓದಿದಾಗ ನನಗೆ ಮೊದಲು ನೆನಪಾದದ್ದು ಅವನ ಮನಸ್ಸಲ್ಲ, ತೊಡೆಯ ಸಂದು. ಮಂಡಿಯ ಮೇಲೆ ಕಾಲು ತೆಗೆದವರು ಕುಳಿತೇ ಇದ್ದರೆ ಉಳಿದ ಮೋಟುತೊಡೆ ಮಡಿಚಿಕೊಂಡೇ ಬಿಗಿಯಾಗುತ್ತದೆ. ಆಮೇಲೆ ನೇರ ನಿಲ್ಲಲು ಹೋದರೆ ಸೊಂಟ ಮುಂದಕ್ಕೆ ಬಾಗುತ್ತದೆ, ಕೃತಕ ಕಾಲು ಭಾರವಾಗಿ ಕಾಣುತ್ತದೆ, ‘ಈ ಕಾಲು ಸರಿಯಿಲ್ಲ’ ಎಂದು ಮೂಲೆಗೆ ಸೇರುತ್ತದೆ. ನಿಮ್ಮ ಮನೆಯ ಕಾಲು ಮದುವೆ ಮುಂಜಿಯ ಕಾಲಾದದ್ದು ಹೀಗೇ ಇರಬಹುದು. ಹರಿಗೋಲಿನಲ್ಲಿ ಕೂರುವುದರಿಂದ ಈ ಬಿಗಿತ ಹೋಗುವುದಿಲ್ಲ, ಅಲ್ಲಿಯೂ ತೊಡೆ ಮಡಿಚೇ ಇರುತ್ತದೆ. ಅದಕ್ಕೆ ಬೋರಲಾಗಿ ಮಲಗಬೇಕು, ದಿನಕ್ಕೆರಡು ಸಲ, ಇಪ್ಪತ್ತು ನಿಮಿಷದಂತೆ. ಇಲ್ಲವೇ ಈಜಬೇಕು. ಬಾವಿಯ ಈಜುಗಾರನಿಗೆ ಎರಡನೆಯದನ್ನು ಹೇಳುವುದೇ ಸುಲಭ. ಈಜುವಾಗ ಮೊದಮೊದಲು ಮೈ ಒಂದು ಪಕ್ಕಕ್ಕೆ ವಾಲುತ್ತದೆ, ಮೋಟುತೊಡೆ ತಾನೇ ಮೇಲೇಳುತ್ತದೆ. ಗಾಬರಿಯಾಗಬೇಡ, ಅದು ಎಲ್ಲರಿಗೂ ಆಗುತ್ತದೆ ಎಂದು ಮೊದಲೇ ಹೇಳಿಡಿ.

ಇದು ಹೊಸ ಚಿಕಿತ್ಸೆಯೇನಲ್ಲ. 1965ರ ಯುದ್ಧದಲ್ಲಿ ಗುಂಡೇಟು ತಿಂದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ಸೈನಿಕ ಮುರಳಿಕಾಂತ್ ಪೇಟ್ಕರ್ ಮೊದಲು ಬಾಕ್ಸರ್. ನೀರಿಗೆ ಇಳಿದದ್ದು ಚಿಕಿತ್ಸೆಗೆಂದು. 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ 50 ಮೀಟರ್ ಫ್ರೀಸ್ಟೈಲ್ ಈಜಿನಲ್ಲಿ ಚಿನ್ನ ಗೆದ್ದರು. ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಬಂದ ಮೊದಲ ಚಿನ್ನ ಅದೇ. ಅವರ ಕಾಲು ಹೋಗಿರಲಿಲ್ಲ, ಬಲ ಹೋಗಿತ್ತು. ನೀರಿಗೆ ಆ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ.

ಈಗ ಎಲ್ಲಕ್ಕಿಂತ ಕಷ್ಟದ ಭಾಗ. ನೀರಲ್ಲ, ದಡ. ಕೆರೆಯಂಚಿನಲ್ಲಿ ಕಲ್ಲು, ಕೆಸರು. ಊರುಗೋಲಿನ ರಬ್ಬರ್ ತುದಿ ಕೆಸರಿನಲ್ಲಿ ಹೂತುಕೊಂಡರೆ ಮನುಷ್ಯ ಮುಂದಕ್ಕೆ ಬೀಳುತ್ತಾನೆ. ಗೆಳೆಯರು ಅವನನ್ನು ಎತ್ತಿಕೊಂಡು ಹೋಗಬಾರದು. ಎತ್ತಿದರೆ ಇಡೀ ದಿನ ಅವನು ಮೂಟೆಯಾಗುತ್ತಾನೆ. ಹೀಗೆ ಮಾಡಿ: ಹರಿಗೋಲನ್ನು ಅರ್ಧ ದಡಕ್ಕೆ ಎಳೆಯಿರಿ. ಇಬ್ಬರು ಎರಡು ಪಕ್ಕದಲ್ಲಿ ಅಂಚನ್ನು ಮಂಡಿಯಿಂದ ಒತ್ತಿ ಹಿಡಿಯಲಿ. ಅವನು ಬೆನ್ನು ಮಾಡಿ ಬಂದು, ಊರುಗೋಲನ್ನು ಒಬ್ಬನ ಕೈಗೆ ಕೊಟ್ಟು, ಎರಡೂ ಅಂಗೈ ಅಂಚಿನ ಮೇಲೆ ಊರಿ, ಕುಂಡೆಯನ್ನು ಎತ್ತಿ ಅಂಚಿನ ಮೇಲಿಡಲಿ. ನಂತರ ಹಿಂದಕ್ಕೆ ಜಾರಿ ಒಳಗಿಳಿಯಲಿ, ಕಾಲು ಕಡೆಗೆ ಬರುತ್ತದೆ. ಒಳಗೆ ಮೋಟುತೊಡೆಯ ಕಡೆಗೆ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಇಟ್ಟರೆ ಸೊಂಟ ವಾಲುವುದಿಲ್ಲ. ಇದನ್ನು ಮನೆಯ ಕಟ್ಟೆಯ ಮೇಲೆ ಒಂದು ವಾರ ಅಭ್ಯಾಸ ಮಾಡಿಸಿ. ಕಟ್ಟೆ ಅಲುಗುವುದಿಲ್ಲ ಎಂಬುದೊಂದೇ ಕೊರತೆ.

ಲೈಫ್ ಜಾಕೆಟ್ ಇಲ್ಲದೆ ಹರಿಗೋಲು ಹತ್ತಬಾರದು. ಅದನ್ನೂ ಮೊದಲು ಸೊಂಟದ ನೀರಿನಲ್ಲಿ ಪರೀಕ್ಷಿಸಿ. ಕಾಲಿಲ್ಲದ ಮೈ ಬೇರೆ ರೀತಿ ತೇಲುತ್ತದೆ, ಜಾಕೆಟ್ ಕಿವಿಯವರೆಗೆ ಏರಿ ಬಂದರೆ ಪಟ್ಟಿ ಬಿಗಿಯಬೇಕು. ಎಡದಂಡೆ ನಾಲೆಯ ಕಡೆ ತಲೆ ಹಾಕಬೇಡಿ. ಅದರ ಸೆಳವು ಮೇಲಿನಿಂದ ಕಾಣುವುದಿಲ್ಲ, ಪಾಚಿ ಹಿಡಿದ ಗೋಡೆಗೆ ಎರಡು ಕಾಲಿನವರೂ ಹತ್ತಲಾರರು. ನದಿಗೂ ಬೇಡ, ಕೆರೆಯೇ ಸಾಕು. ಮಳೆಗಾಲದಲ್ಲಿ ಅಣೆಕಟ್ಟಿನ ಗೇಟು ತೆರೆದು, ಕಂಪ್ಲಿ ಸೇತುವೆ ಮುಳುಗುವಂತಿದೆ ಎಂಬ ಸುದ್ದಿ ಬಂದರೆ ನದಿಯ ಹತ್ತಿರವೂ ಸುಳಿಯಬೇಡಿ. ಬಂಡೆಯಿಂದ ಜಿಗಿಯುವುದಂತೂ ಬೇಡವೇ ಬೇಡ. ಸಾಣಾಪುರದ ಬಂಡೆಗಳಿಂದ ಜಿಗಿದು ಜೀವ ಕಳೆದುಕೊಂಡವರ ಸುದ್ದಿಯನ್ನು ನೀವೂ ಓದಿರುತ್ತೀರಿ, ಅವರೆಲ್ಲ ಗಟ್ಟಿಮುಟ್ಟಾಗಿದ್ದವರೇ.

ಅವ್ವನಿಗೆ ಏನು ಹೇಳುವುದು? ನನ್ನ ಅಪ್ಪನ ಜಾತಕದಲ್ಲೂ ಜಲಗಂಡವಿತ್ತಂತೆ. ನಲವತ್ತು ವರ್ಷ ಹೊಳೆಯ ಮೇಲಿದ್ದು, ಸಕ್ಕರೆ ಕಾಯಿಲೆಯಿಂದ ಮಂಚದ ಮೇಲೆ ತೀರಿಕೊಂಡರು. ಇದನ್ನು ಹೇಳಿ ಒಪ್ಪಿಸಿ ಎನ್ನುತ್ತಿಲ್ಲ. ಅವ್ವನನ್ನೂ ಕರೆದುಕೊಂಡು ಹೋಗಿ, ದಡದಲ್ಲಿ ಕೂರಿಸಿ, ರೊಟ್ಟಿಬುತ್ತಿ ಬಿಚ್ಚುವ ಕೆಲಸ ಕೊಡಿ. ಬೇಡ ಎನ್ನುವವರಿಗೂ ಅಲ್ಲಿ ಒಂದು ಕೆಲಸ ಇರಬೇಕು.

*

ನನಗೆ 54 ವರ್ಷ, ಹದಿನೈದು ವರ್ಷದಿಂದ ಶುಗರ್. ಕಳೆದ ವರ್ಷ ಗ್ಯಾಂಗ್ರಿನ್ ಆಗಿ ಎಡಗಾಲನ್ನು ಮಂಡಿಯ ಕೆಳಗೆ ತೆಗೆದರು. ಬೆಂಗಳೂರಿನಲ್ಲಿರುವ ಮಗಳು ‘ಅಪ್ಪಾ, ನೀವು ಮನೆಯಲ್ಲಿ ಕೊರಗುತ್ತೀರಿ’ ಎಂದು ದಾಂಡೇಲಿಯ ರ‍್ಯಾಫ್ಟಿಂಗ್‌ಗೆ ಹೆಸರು ಬರೆಸಿದ್ದಾಳೆ. ಆಮೇಲೆ ನೇತ್ರಾಣಿಯಲ್ಲಿ ಸ್ಕೂಬಾ ಅಂತೆ. ಹೋಗಲೇ?
– ನಿವೃತ್ತಿಯ ಹೊಸ್ತಿಲಲ್ಲಿರುವ ಗುಮಾಸ್ತ, ಬಳ್ಳಾರಿ

ಸರ್, ಮಗಳ ಮೇಲೆ ಸಿಟ್ಟಾಗಬೇಡಿ. ಆದರೆ ದಾಂಡೇಲಿಯ ಟಿಕೆಟ್ ಸದ್ಯಕ್ಕೆ ವಾಪಸು ಮಾಡಿ.

ಕಾರಣ ಹೇಳುತ್ತೇನೆ. ರಬ್ಬರ್ ತೆಪ್ಪದ ಅಂಚಿನ ಮೇಲೆ ಕುಳಿತವರು ಬೀಳದಿರುವುದು ಪಾದದ ಬಲದಿಂದ. ತೆಪ್ಪದೊಳಗಿನ ಅಡ್ಡದಿಂಡಿನ ಸಂದಿಗೆ ಪಾದ ತುರುಕಿ ಕೂರಬೇಕು. ನಿಮಗೆ ಒಂದು ಕಡೆ ಆ ಹಿಡಿತವಿಲ್ಲ. ಕೃತಕ ಪಾದವನ್ನೇ ತುರುಕಿದರೆ, ತೆಪ್ಪ ಮಗುಚಿದಾಗ ಅದು ಸಿಕ್ಕಿಕೊಂಡು ನಿಮ್ಮನ್ನೂ ಹಿಡಿದಿಟ್ಟುಕೊಳ್ಳಬಹುದು. ಸೆಳವಿಗೆ ಬಿದ್ದವರಿಗೆ ಅಂಗಾತ ತೇಲಿ, ಪಾದ ಮುಂದೆ ಮಾಡಿ ಬಂಡೆಗಳನ್ನು ಒದ್ದು ದೂರ ಮಾಡಬೇಕು ಎಂದು ಕಲಿಸುತ್ತಾರೆ. ನಿಮಗಿರುವುದು ಒಂದೇ ಪಾದ. ಅದಕ್ಕೂ ಹದಿನೈದು ವರ್ಷದ ಶುಗರ್, ಸ್ಪರ್ಶ ಎಷ್ಟು ಉಳಿದಿದೆಯೋ. ಯಂತ್ರಕ್ಕೆ ಸಿಕ್ಕಿ ಕಾಲು ಕಳೆದುಕೊಂಡ ಹುಡುಗನಿಗೂ ನಿಮಗೂ ಇರುವ ವ್ಯತ್ಯಾಸ ಇದು. ಅವನ ಇನ್ನೊಂದು ಕಾಲು ಗಟ್ಟಿ. ನಿಮ್ಮ ಇನ್ನೊಂದು ಕಾಲನ್ನು ಕಾಪಾಡುವುದೇ ನನ್ನ ಮುಖ್ಯ ಕೆಲಸ.

ಹಾಗೆಂದು ಮನೆಯಲ್ಲೇ ಕೂರಿ ಎನ್ನುತ್ತಿಲ್ಲ. ಊರಿನ ಈಜುಕೊಳದಿಂದ ಶುರು ಮಾಡಿ, ಎದೆಮಟ್ಟದ ನೀರು, ಅರ್ಧ ಗಂಟೆ. ಅದಕ್ಕೆ ಮೊದಲು ಗಾಯ ಪೂರ್ತಿ ಮಾಗಿರಬೇಕು. ಮೋಟಿನ ತುದಿಯಲ್ಲಿ ಒಂದು ಚುಕ್ಕೆ ಹಸಿಯಿದ್ದರೂ ನೀರು ಬೇಡ. ಹೃದಯದ ಪರೀಕ್ಷೆ ಮಾಡಿಸಿ. ನೀರಿಗಿಳಿಯುವ ಮೊದಲು ಶುಗರ್ ನೋಡಿಕೊಳ್ಳಿ, ದಡದಲ್ಲಿ ಗ್ಲೂಕೋಸ್ ಇರಲಿ. ಶ್ರಮಕ್ಕೆ ಶುಗರ್ ಇಳಿದಾಗ ಬರುವ ನಡುಕ, ಬೆವರು ನೀರಿನಲ್ಲಿ ಗೊತ್ತಾಗುವುದಿಲ್ಲ, ಚಳಿಯೆಂದುಕೊಳ್ಳುತ್ತೀರಿ. ಇರುವ ಪಾದಕ್ಕೆ ಬರಿಗಾಲು ನಿಷಿದ್ಧ. ನಮ್ಮ ಕಡೆಯ ಬಂಡೆ ಏಪ್ರಿಲ್‌ನಲ್ಲಿ ಹಂಚಿನಂತೆ ಕಾಯುತ್ತದೆ. ಸ್ಪರ್ಶವಿಲ್ಲದ ಪಾದ ಬೊಬ್ಬೆಯೆದ್ದರೂ ಹೇಳುವುದಿಲ್ಲ. ಸಂಜೆ ಅಂಗಾಲ ಕೆಳಗೆ ಕನ್ನಡಿ ಹಿಡಿದು ನೋಡಿಕೊಳ್ಳಿ.

ಮೂರು ತಿಂಗಳು ಹೀಗೆ ನಡೆದರೆ ಅಲೆಯಿಲ್ಲದ ಕೆರೆಯಲ್ಲಿ ಹರಿಗೋಲೋ ಕಯಾಕೋ (ಕಿರಿದಾದ ಉದ್ದ ದೋಣಿ) ನೋಡೋಣ. ನೇತ್ರಾಣಿ ಅದರ ನಂತರ, ನಿಮ್ಮ ಶುಗರ್ ಡಾಕ್ಟರು ಬರೆದುಕೊಟ್ಟರೆ. ಸಮುದ್ರದ ಒಳಗೆ ಕಾಲಿಗಿಂತ ರಕ್ತದಲ್ಲಿನ ಸಕ್ಕರೆಯೇ ದೊಡ್ಡ ತೊಡಕು. ಇನ್ನೊಂದು ಮಾತು: ಪತ್ರದ ಕೊನೆಯಲ್ಲಿ ‘ಇಲ್ಲದ ಪಾದದ ಹೆಬ್ಬೆರಳು ರಾತ್ರಿ ಉರಿಯುತ್ತದೆ, ಮಗಳಿಗೆ ಹೇಳಿದರೆ ಹುಚ್ಚು ಎನ್ನುತ್ತಾಳೆಂದು ಹೇಳಿಲ್ಲ’ ಎಂದು ಬರೆದಿದ್ದೀರಿ. ಹೇಳಿ. ಇದಕ್ಕೆ ವೈದ್ಯಕೀಯದಲ್ಲಿ ಹೆಸರು ಬಿದ್ದೇ 150 ವರ್ಷ ದಾಟಿದೆ. ಅಮೆರಿಕದ ವೈದ್ಯ ವೀರ್ ಮಿಚೆಲ್ 1871ರಲ್ಲಿ ಅಂತರ್ಯುದ್ಧದ ಸೈನಿಕರ ಕುರಿತು ಬರೆಯುತ್ತಾ ‘ಫ್ಯಾಂಟಮ್ ಲಿಂಬ್’ (ಮಾಯಾ ಅಂಗ) ಎಂದು ಇಟ್ಟ ಹೆಸರು ಅದು. ಮಿದುಳಿನ ನಕ್ಷೆಯಲ್ಲಿ ಆ ಹೆಬ್ಬೆರಳು ಇನ್ನೂ ಇದೆ. ನೀರಿನಲ್ಲಿದ್ದಷ್ಟು ಹೊತ್ತು ಉರಿ ತಗ್ಗುತ್ತದೆ ಎಂದು ನನ್ನ ಕೆಲವು ರೋಗಿಗಳು ಹೇಳುತ್ತಾರೆ, ಕೆಲವರಿಗೆ ಏನೂ ಆಗುವುದಿಲ್ಲ. ಅದಕ್ಕೆ ಔಷಧವೂ ಇದೆ, ಕನ್ನಡಿ ಇಟ್ಟು ಮಾಡಿಸುವ ವ್ಯಾಯಾಮವೂ ಇದೆ. ಒಮ್ಮೆ ಬನ್ನಿ.

*

ಜೈಪುರ ಕಾಲು ಹಾಕಿಕೊಂಡು ನೀರಿಗಿಳಿಯಬಹುದೇ? ಗದ್ದೆಯ ಕೆಸರಿಗೆ ಇಳಿಯುತ್ತೇನೆ, ಏನೂ ಆಗಿಲ್ಲ. ಕಾಲು ಮಾತ್ರ ಹಳೆಯದಾಗಿದೆ.
– ರೈತ, ಸಿಂಧನೂರು

ಗದ್ದೆಗೆ ಇಳಿಯಿರಿ, ಅದು ಹುಟ್ಟಿದ್ದೇ ಅದಕ್ಕೆ. 1968ರ ಸುಮಾರಿಗೆ ಜೈಪುರದ ಕುಶಲಕರ್ಮಿ ರಾಮಚಂದ್ರ ಶರ್ಮ ಮತ್ತು ಮೂಳೆ ವೈದ್ಯ ಪಿ.ಕೆ. ಸೇಠಿ ಸೇರಿ ಆ ಪಾದವನ್ನು ರೂಪಿಸಿದರು. ಬರಿಗಾಲಲ್ಲಿ ನಡೆಯುವ, ಕುಕ್ಕರಗಾಲಲ್ಲಿ ಕೂರುವ, ಕೆಸರು ತುಳಿಯುವ ನಮ್ಮ ಜನರಿಗೆ ಬೂಟಿನೊಳಗಿನ ವಿದೇಶಿ ಪಾದ ಆಗಿಬರುತ್ತಿರಲಿಲ್ಲ. ರಬ್ಬರ್ ಪಾದ, ನೀರಿಗೆ ಹೆದರುವುದಿಲ್ಲ.

ಆಳದ ನೀರು ಬೇರೆ. ಮೇಲಿನ ಕೊಳವೆ ಪ್ಲಾಸ್ಟಿಕ್ಕಿನದು, ಒಳಗೆ ಗಾಳಿ ಸಿಕ್ಕಿಕೊಂಡರೆ ಕಾಲು ತೇಲುತ್ತದೆ. ಕಾಲು ಮೇಲೆ ಬಂದರೆ ತಲೆ ಕೆಳಗೆ ಹೋಗುತ್ತದೆ. ಅದಕ್ಕೇ ಈಜಿಗೆಂದು ಮಾಡುವ ಕಾಲುಗಳಲ್ಲಿ ನೀರು ಒಳಗೆ ಹೋಗಿ ಹೊರಬರಲು ತೂತು ಬಿಟ್ಟಿರುತ್ತಾರೆ. ನೀವೇ ಡ್ರಿಲ್ ಹಿಡಿದು ತೂತು ಕೊರೆಯಬೇಡಿ, ಸೀಳು ಬಿಡುತ್ತದೆ. ನಮ್ಮಲ್ಲಿ ಸರಳ ದಾರಿಯೆಂದರೆ ದಡದವರೆಗೆ ಕಾಲು ಹಾಕಿಕೊಂಡು ಹೋಗಿ, ಅಲ್ಲಿ ಬಿಚ್ಚಿಟ್ಟು ಇಳಿಯುವುದು. ದಕ್ಷಿಣ ಆಫ್ರಿಕಾದ ನಟಾಲಿ ದು ಟೋಯಿ 2001ರಲ್ಲಿ ಸ್ಕೂಟರ್ ಅಪಘಾತದಲ್ಲಿ ಎಡಗಾಲು ಕಳೆದುಕೊಂಡವರು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಎರಡು ಕಾಲಿನವರ ಜೊತೆ 10 ಕಿಲೋಮೀಟರ್ ತೆರೆದ ನೀರಿನ ಈಜಿನಲ್ಲಿ 16ನೆಯವರಾಗಿ ಬಂದರು, ಕೃತಕ ಕಾಲಿಲ್ಲದೆ.

ಬಿಚ್ಚಿಟ್ಟ ಕಾಲನ್ನು ಕಾಯಲು ಒಬ್ಬರು ಬೇಕು. ಒಮ್ಮೆ ಒಂದು ಕೋತಿ ಲಾರಿ ಚಾಲಕನ ಮೋಟಿಗೆ ಹಾಕುವ ಉಣ್ಣೆ ಚೀಲವನ್ನು ಎತ್ತಿಕೊಂಡು ಬಂಡೆ ಹತ್ತಿ ಕುಳಿತಿತು. ನಾವು ಬಾಳೆಹಣ್ಣು ತೋರಿಸಿದೆವು. ಅದು ಹಣ್ಣನ್ನೂ ತೆಗೆದುಕೊಂಡಿತು, ಚೀಲವನ್ನೂ ಕೊಡಲಿಲ್ಲ. ಇನ್ನೊಂದು ಚೀಲ ನಾನು ಒಯ್ದಿರಲಿಲ್ಲ. ಬದಲಿಗೆ ಒದ್ದೆ ಟವೆಲ್ ಸುತ್ತಿ ಕಾಲು ಹಾಕಿಸಿದೆ, ಇನ್ನೇನು ಗಂಗಾವತಿ ಹತ್ತಿರ ತಾನೇ ಎಂದು. ಮನೆ ಮುಟ್ಟುವಷ್ಟರಲ್ಲಿ ಚರ್ಮ ಸುಲಿದಿತ್ತು. ಮೂರು ವಾರ ಅವನು ಕಾಲು ಹಾಕಲಾಗಲಿಲ್ಲ. ಇಪ್ಪತ್ತೆರಡು ವರ್ಷ ಇದೇ ಕೆಲಸ ಮಾಡಿದವಳು ಮಾಡಿದ ತಪ್ಪು ಅದು. ನೀರಿನಲ್ಲಿ ನೆನೆದ ಚರ್ಮ ಹಪ್ಪಳದ ಹಿಟ್ಟಿನಷ್ಟು ಮೆತ್ತಗಿರುತ್ತದೆ. ಮೊದಲು ಒತ್ತಿ ಒರೆಸಿ, ಉಜ್ಜಬೇಡಿ. ಹತ್ತು ನಿಮಿಷ ಗಾಳಿಗೆ ಬಿಡಿ. ಮೋಟು ಊದಿಕೊಳ್ಳುವ ಅಭ್ಯಾಸವಿದ್ದರೆ ಕ್ರೇಪ್ ಬ್ಯಾಂಡೇಜ್ ಸುತ್ತಿ ಕೂರಿ. ಆಮೇಲೆ ಒಣ ಚೀಲ, ನಂತರ ಕಾಲು. ಎರಡು ಒಣ ಚೀಲ ಒಯ್ಯಿರಿ, ಒಂದು ನಿಮಗೆ, ಒಂದು ಕೋತಿಗೆ.

ಕಾಲು ಹಳೆಯದಾಗಿದೆ ಎಂದಿದ್ದೀರಿ. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಇದ್ದರೆ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ಕೇಂದ್ರದ ಎಡಿಐಪಿ ಯೋಜನೆಯಲ್ಲಿ ಶಿಬಿರ ನಡೆದಾಗ ಹೊಸ ಕಾಲಿಗೆ ಅಳತೆ ತೆಗೆಯುತ್ತಾರೆ.

*

ನಮ್ಮ ಜಿಲ್ಲೆಯಲ್ಲಿ ಅಂಗವಿಕಲರು ಬಸ್ಸಿನ ಮೆಟ್ಟಿಲು ಹತ್ತಲಾರರು, ಎಷ್ಟೋ ಕಚೇರಿಗಳಲ್ಲಿ ರ‍್ಯಾಂಪ್ ಇಲ್ಲ, ಮಾಸಾಶನಕ್ಕೆ ಅಲೆದಾಟ. ನೀವು ಹರಿಗೋಲು, ಜಲಸಾಹಸ ಎಂದು ಬರೆಯುತ್ತೀರಿ. ಇದು ಉಳ್ಳವರ ಶೋಕಿಯಲ್ಲವೇ? ನಾಲ್ಕು ಜನರ ಮುಂದೆ ಅಂಗವಿಕಲನನ್ನು ಪ್ರದರ್ಶನಕ್ಕಿಟ್ಟಂತಲ್ಲವೇ?
– ನಿವೃತ್ತ ಶಿಕ್ಷಕ, ಕೊಪ್ಪಳ

ಗುರುಗಳೇ, ಪ್ರದರ್ಶನದ ಬಗ್ಗೆ ನೀವು ಹೇಳಿದ್ದು ಸರಿ. ಇಂಥ ಕಡೆ ಮೊದಲು ಬರುವುದು ಕ್ಯಾಮೆರಾ, ಆಮೇಲೆ ಶಾಲು, ಹಾರ. ಲೈಫ್ ಜಾಕೆಟ್ ಕಡೆಗೆ. ಕಳೆದ ಬೇಸಿಗೆಯಲ್ಲಿ ಸಂಘವೊಂದರವರು ಹತ್ತು ಜನರನ್ನು ಕರೆತಂದು, ಬ್ಯಾನರ್ ಹಿಡಿಸಿ, ಹರಿಗೋಲಿನಲ್ಲಿ ಒಂದು ಸುತ್ತು ಹಾಕಿಸಿ, ಊಟ ಕೊಟ್ಟು ಕಳುಹಿಸಿದರು. ಒಬ್ಬರ ಕೈಗೂ ಹುಟ್ಟು ಕೊಡಲಿಲ್ಲ. ನಾನು ಅದಕ್ಕೆ ಪುನರ್ವಸತಿ ಎನ್ನುವುದಿಲ್ಲ, ಪ್ರವಾಸ ಎನ್ನುತ್ತೇನೆ. ಪ್ರವಾಸ ಕೆಟ್ಟದ್ದಲ್ಲ, ಹೆಸರು ಮಾತ್ರ ಸರಿಯಾಗಿ ಇಡಬೇಕು.

ಉಳ್ಳವರ ಶೋಕಿ ಎಂಬುದನ್ನು ಒಪ್ಪಲಾರೆ. ಹದಿನಾರನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್, ಆನೆಗೊಂದಿಗೆ ಜನರು ಬುಟ್ಟಿಯಂಥ ದುಂಡು ದೋಣಿಗಳಲ್ಲಿ ದಾಟುವುದನ್ನು ಬರೆದಿಟ್ಟಿದ್ದಾನೆ. ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ. ನನ್ನ ಅಪ್ಪನ ಹರಿಗೋಲಿಗೆ ಚರ್ಮದ ಬದಲು ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು ಬಂದಿತ್ತು, ಅಷ್ಟೇ ವ್ಯತ್ಯಾಸ. ಸಂತೆಗೆ ಹೋಗುವ ಮುದುಕಿ, ಸೈಕಲ್, ಮೇಕೆ ಎಲ್ಲವೂ ಅದರಲ್ಲಿ. ಒಂದು ಕಾಲಿನ ಬಳೆಗಾರನೊಬ್ಬ ವಾರಕ್ಕೆರಡು ಸಲ ಬಳೆಮಲಾರ ಹೊತ್ತು ದಾಟುತ್ತಿದ್ದ. ಅವನಿಗೆ ಯಾರೂ ಸಾಹಸಿ ಎಂದು ಹಾರ ಹಾಕಲಿಲ್ಲ. ಹೊತ್ತು ಮೀರಿದರೆ ಅಪ್ಪ ಅವನ ಕೈಗೂ ಒಂದು ಹುಟ್ಟು ಕೊಡುತ್ತಿದ್ದರು. ಪ್ರವಾಸಿಗರು ಬಂದ ಮೇಲೆ ಅದೇ ಬುಟ್ಟಿ ಜಲಕ್ರೀಡೆಯಾಯಿತು.

ಇನ್ನು ರ‍್ಯಾಂಪ್ ಮೊದಲೋ ಆಟ ಮೊದಲೋ ಎಂಬುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 30ನೇ ಕಲಂ ಕ್ರೀಡೆಯನ್ನೇ ಕುರಿತದ್ದು. ಅಂದರೆ ಕಾನೂನು ಇವೆರಡನ್ನೂ ಒಂದರ ಹಿಂದೆ ಒಂದು ನಿಲ್ಲಿಸಿಲ್ಲ. ಅದೇ ವರ್ಷ ರಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ಕಯಾಕ್ ಓಟ ಮೊದಲ ಬಾರಿಗೆ ಸೇರಿತು. ಟೋಕಿಯೊದಲ್ಲಿ ‘ವಾ’ ಎಂಬ ಇನ್ನೊಂದು ಬಗೆಯ ದೋಣಿಯ ಓಟದಲ್ಲಿ ಗ್ವಾಲಿಯರ್‌ನ ಪ್ರಾಚಿ ಯಾದವ್ ಫೈನಲ್ ಮುಟ್ಟಿ ಎಂಟನೆಯವರಾದರು. ಅವರಿಗೆ ಸೊಂಟದ ಕೆಳಗೆ ಬಲವಿಲ್ಲ. ನಮ್ಮ ಹತ್ತಿರ ಇಷ್ಟು ದೊಡ್ಡ ಅಣೆಕಟ್ಟಿನ ಹಿನ್ನೀರಿದೆ, ಕೆರೆಗಳಿವೆ, ತಲೆಮಾರುಗಳಿಂದ ನೀರಿನ ಮೇಲಿರುವ ಅಂಬಿಗರಿದ್ದಾರೆ. ಮುದ್ಲಾಪುರದಿಂದ ಕಂಪ್ಲಿಯವರೆಗೆ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿಗಳಿಗೆಂದು ಮೀಸಲಿಟ್ಟರು, ನನಗೆ ಅದರಲ್ಲಿ ಸಂತೋಷವೇ. ಕೆರೆಯ ದಡದಲ್ಲಿ ಊರುಗೋಲು ಹೂತುಹೋಗದಂತೆ ಹತ್ತು ಅಡಿ ಸಿಮೆಂಟಿನ ಇಳಿಜಾರು ಕೇಳುವುದು ಶೋಕಿಯೇ?

ಕಚೇರಿಯ ರ‍್ಯಾಂಪಿಗೆ ನೀವು ಅರ್ಜಿ ಬರೆಯುವುದಾದರೆ ನಾನೂ ಸಹಿ ಹಾಕುತ್ತೇನೆ. ಜೊತೆಗೆ ಬರಲು ಲಾರಿ ಚಾಲಕನನ್ನು ಕಳುಹಿಸುತ್ತೇನೆ. ಅವನಿಗೆ ಈಗ ವಾದ ಮಾಡುವುದು ಬರುತ್ತದೆ.

*

ನನಗೆ 19 ವರ್ಷ. ಚಿಕ್ಕವಳಿದ್ದಾಗ ಕರೆಂಟ್ ಹೊಡೆದು ಬಲಗೈಯನ್ನು ಮೊಣಕೈ ಮೇಲೆ ತೆಗೆದಿದ್ದಾರೆ. ಈಜು ಬರುವುದಿಲ್ಲ. ಹರಿಗೋಲೋ ಕಯಾಕೋ ಕಲಿಯಬೇಕೆಂಬ ಆಸೆ. ಒಂದು ಕೈಯಲ್ಲಿ ಆಗುತ್ತದೆಯೇ? ಮನೆಯಲ್ಲಿ ‘ಹುಡುಗಿ, ಒದ್ದೆ ಬಟ್ಟೆಯಲ್ಲಿ ಎಲ್ಲರ ಮುಂದೆ’ ಎಂದು ರಾಗ ಎಳೆಯುತ್ತಾರೆ.
– ಬಿ.ಕಾಂ. ವಿದ್ಯಾರ್ಥಿನಿ, ಲಿಂಗಸುಗೂರು

ಆಗುತ್ತದೆ ಮಗಳೇ, ಆದರೆ ಈಜು ಮೊದಲು. ಬೆಂಗಳೂರಿನ ಶರತ್ ಗಾಯಕವಾಡ್ ಅವರ ಎಡಗೈ ಹುಟ್ಟಿನಿಂದಲೇ ಪೂರ್ಣ ಬೆಳೆದಿಲ್ಲ. 2014ರ ಏಷ್ಯನ್ ಪ್ಯಾರಾ ಕ್ರೀಡಾಕೂಟದ ಈಜಿನಲ್ಲಿ ಆರು ಪದಕ ತಂದರು. ಹಲಗೆಯ ಮೇಲೆ ನಿಂತು ಅಲೆ ಸವಾರಿ (ಸರ್ಫಿಂಗ್) ಮಾಡುವ ಹವಾಯಿಯ ಬೆಥನಿ ಹ್ಯಾಮಿಲ್ಟನ್‌ಗೆ 13 ವರ್ಷವಿದ್ದಾಗ, 2003ರಲ್ಲಿ, ಶಾರ್ಕ್ ಎಡಗೈಯನ್ನೇ ಕಚ್ಚಿಕೊಂಡು ಹೋಯಿತು. ಒಂದು ತಿಂಗಳೊಳಗೆ ಅಲೆಯ ಮೇಲಿದ್ದಳು. ಅವಳ ಹಲಗೆಗೆ ಒಂದು ಹಿಡಿಕೆ ಜೋಡಿಸಿಕೊಟ್ಟರು, ಒಂದೇ ಕೈಯಲ್ಲಿ ಹಿಡಿದು ಅಲೆಯ ಕೆಳಗೆ ನುಗ್ಗಲು.

ಹರಿಗೋಲಿನ ಹುಟ್ಟನ್ನು ಎರಡು ಕೈಯಲ್ಲಿ ಹಿಡಿಯುವುದು ವಾಡಿಕೆ. ಒಂದು ಕೈಯವರಿಗೆ ನಾನು ಹುಟ್ಟಿನ ಹಿಡಿಯನ್ನು ಒಂದು ಮೊಳ ಗಿಡ್ಡ ಮಾಡಿಸುತ್ತೇನೆ. ಮೇಲಿನ ತುದಿ ಕಂಕುಳಿಗೆ ಆತುಕೊಂಡು ಕುಳಿತರೆ ಮುಂಗೈಗೆ ಭಾರ ಕಡಿಮೆ. ಹಿಡಿಗೆ ಹಳೆ ಸೈಕಲ್ ಟ್ಯೂಬ್ ಸುತ್ತಿ, ಒದ್ದೆ ಕೈ ಜಾರುವುದಿಲ್ಲ. ಅಂಗೈಗೆ ಹುಟ್ಟನ್ನು ಹಗ್ಗದಿಂದ ಕಟ್ಟಲು ಯಾರಾದರೂ ಬಂದರೆ ಬೇಡ ಎನ್ನಿ, ಬಿದ್ದಾಗ ಇರುವ ಒಂದು ಕೈ ಬಿಡುವಾಗಿರಬೇಕು. ಮೊದಲ ದಿನ ಭುಜ ನೋಯುತ್ತದೆ. ಮೂರನೇ ದಿನವೂ ನೋಯುತ್ತಿದ್ದರೆ ನಿಲ್ಲಿಸಿ ನನಗೆ ಬರೆ, ಜೀವಮಾನವಿಡೀ ದುಡಿಯಬೇಕಾದ ಭುಜ ಅದು.

ಬಟ್ಟೆಯದು ದೊಡ್ಡ ವಿಷಯವಲ್ಲ. ಓಢಣಿ, ದೊಗಳೆ ಚೂಡಿದಾರ ಬೇಡ, ನೀರು ಕುಡಿದು ಭಾರವಾಗಿ ಕಾಲಿಗೆ ಸುತ್ತಿಕೊಳ್ಳುತ್ತವೆ. ಕಡುಬಣ್ಣದ ತುಂಬುತೋಳಿನ ಟೀಶರ್ಟ್, ಕಾಲಿಗಂಟುವ ಲೆಗಿಂಗ್ಸ್, ಮೇಲೆ ಲೈಫ್ ಜಾಕೆಟ್. ಅಷ್ಟಾದ ಮೇಲೆ ಯಾರಿಗೂ ಏನೂ ಕಾಣುವುದಿಲ್ಲ. ಸಾಣಾಪುರದ ದಡದಲ್ಲಿ ಬಟ್ಟೆ ಬದಲಿಸಲು ಕೋಣೆ ಸಿಕ್ಕೀತೆಂದು ನೆಚ್ಚಿಕೊಳ್ಳಬೇಡ. ಇಬ್ಬರು ಗೆಳತಿಯರನ್ನೂ ಒಂದು ದೊಡ್ಡ ಕೌದಿಯನ್ನೂ ತಾ.